ಲಾಗ್ ಸ್ವಿಚ್ ಆದ ಮಾತ್ರಕ್ಕೆ ಆರ್ಕೈವ್ ಆದಂತಲ್ಲ

ಪ್ರಶ್ನೆ: ಸಹಕಾರ ಸಂಸ್ಥೆಯೊಂದರ ಕಂಪ್ಯೂಟರ್ ವಿಭಾಗದಲ್ಲಿ ಒರಾಕಲ್ 19ಸಿ ಡೇಟಾಬೇಸ್ ನೋಡಿಕೊಳ್ಳುವ ಹೊಣೆ ನನ್ನದು. ತಿಂಗಳ ಕೊನೆಯಲ್ಲಿ ಬಡ್ಡಿ ಲೆಕ್ಕದ ಕೆಲಸ ನಡೆಯುತ್ತಿದ್ದಾಗ ಡೇಟಾಬೇಸ್ ಇದ್ದಕ್ಕಿದ್ದಂತೆ ನಿಂತಿತು. ಯಾರು ಲಾಗಿನ್ ಆಗಲು ಹೋದರೂ ಓಆರ್‌ಎ-00257 ಎಂಬ ದೋಷ ಬರುತ್ತಿತ್ತು. ಡಿಸ್ಕ್‌ನಲ್ಲಿ ಜಾಗವಿತ್ತು. ಆದರೂ ಹಳೆಯ ಆರ್ಕೈವ್ ಫೈಲ್‌ಗಳನ್ನು, ಅಂದರೆ ಬದಲಾವಣೆಗಳ ದಾಖಲೆಯಾದ ಲಾಗ್‌ನ ಕಾಯ್ದಿಟ್ಟ ಪ್ರತಿಗಳನ್ನು, ಅಳಿಸಿ ನೋಡಿದೆವು, ಪ್ರಯೋಜನವಾಗಲಿಲ್ಲ. ಐದು ನಿಮಿಷಕ್ಕೊಮ್ಮೆ ಕ್ರಾನ್‌ನಿಂದ (ನಿಗದಿತ ಸಮಯಕ್ಕೆ ಆದೇಶ ಓಡಿಸುವ ಲಿನಕ್ಸ್ ವ್ಯವಸ್ಥೆ) ‘ಆಲ್ಟರ್ ಸಿಸ್ಟಮ್ ಸ್ವಿಚ್ ಲಾಗ್‌ಫೈಲ್’ ಓಡಿಸಿದರೆ ಸರಿಹೋಗುತ್ತದೆ ಎಂದು ಹಿರಿಯರೊಬ್ಬರು ಹೇಳುತ್ತಿದ್ದಾರೆ. ಇದು ಸರಿಯೇ? ಇದಕ್ಕೂ ‘ಆರ್ಕೈವ್ ಲಾಗ್ ಕರೆಂಟ್’ ಆದೇಶಕ್ಕೂ ಏನು ವ್ಯತ್ಯಾಸ? ನಮ್ಮ ಲಾಗ್ 200 ಎಂಬಿ ಇದ್ದರೂ ಕೆಲವು ಆರ್ಕೈವ್ ಫೈಲ್‌ಗಳು 30 ಎಂಬಿ ಮಾತ್ರ ಇರುವುದೇಕೆ? ಮುಂದಿನ ವರ್ಷ ಒಂದು ತಂತ್ರಾಂಶ ಪೋಸ್ಟ್‌ಗ್ರೆಸ್ ಡೇಟಾಬೇಸ್‌ಗೆ ಹೋಗಲಿದೆ. ಅಲ್ಲಿಯೂ ಇದೇ ರೀತಿಯೇ?

ಉತ್ತರ: ಎಲ್ಲಕ್ಕಿಂತ ಮೊದಲು ಒಂದು ತುರ್ತಿನ ವಿಷಯ. ನೀವು ಆ ದಿನ ಅಳಿಸಿದ ಆರ್ಕೈವ್ ಫೈಲ್‌ಗಳು ಅದಕ್ಕೂ ಮುಂಚೆ ಬ್ಯಾಕಪ್ ಆಗಿದ್ದವೇ ಎಂಬುದು ನಿಮ್ಮ ಪತ್ರದಲ್ಲಿಲ್ಲ. ಆಗಿರದಿದ್ದರೆ, ಮತ್ತು ಆ ಘಟನೆಯ ನಂತರ ಪೂರ್ಣ ಬ್ಯಾಕಪ್ ತೆಗೆದಿರದಿದ್ದರೆ, ಈ ಉತ್ತರದ ಉಳಿದ ಭಾಗವನ್ನು ಬದಿಗಿಟ್ಟು ಇಂದೇ ಒಂದು ಪೂರ್ಣ ಬ್ಯಾಕಪ್ ತೆಗೆಯಿರಿ. ಹಳೆಯ ಬ್ಯಾಕಪ್‌ನಿಂದ ಡೇಟಾಬೇಸನ್ನು ಮೇಲೆತ್ತುವಾಗ ಆರ್ಕೈವ್ ಫೈಲ್‌ಗಳನ್ನು ಅವುಗಳ ಸೀಕ್ವೆನ್ಸ್ ಸಂಖ್ಯೆಯ ಕ್ರಮದಲ್ಲಿ ಒಂದೊಂದಾಗಿ ಹಚ್ಚಬೇಕಾಗುತ್ತದೆ. ನಡುವೆ ಒಂದು ಸಂಖ್ಯೆ ಇಲ್ಲವಾದರೂ ಅದರ ಮುಂದಿನ ಫೈಲ್‌ಗಳು ಎಷ್ಟೇ ಸುಸ್ಥಿತಿಯಲ್ಲಿದ್ದರೂ ಉಪಯೋಗಕ್ಕೆ ಬರುವುದಿಲ್ಲ.

ಕ್ರಾನ್ ಸಲಹೆಯನ್ನು ನಾನು ಒಪ್ಪುವುದಿಲ್ಲ. ಲಾಗ್ ಸ್ವಿಚ್ ಆಗುವುದು, ಅಂದರೆ ಬರವಣಿಗೆ ಮುಂದಿನ ಲಾಗ್‌ಗೆ ಹೋಗುವುದು ಒಂದು ಕೆಲಸ, ಬಿಟ್ಟುಬಂದ ಲಾಗ್ ಆರ್ಕೈವ್ ಆಗುವುದು, ಅಂದರೆ ಬೇರೆಡೆ ನಕಲಾಗುವುದು ಇನ್ನೊಂದು ಕೆಲಸ. ಎರಡನ್ನೂ ಮಾಡುವ ಪ್ರೊಸೆಸ್‌ಗಳು ಬೇರೆ, ನಡೆಯುವ ಸಮಯ ಬೇರೆ, ಕೆಡುವ ರೀತಿಯೂ ಬೇರೆ. ನಿಮ್ಮಲ್ಲಿ ಕೆಟ್ಟಿದ್ದು ಎರಡನೆಯದು. ಹಿರಿಯರು ಹೇಳುತ್ತಿರುವ ಮದ್ದು ಮೊದಲನೆಯದಕ್ಕೆ ಸಂಬಂಧಿಸಿದ್ದು.

ಒರಾಕಲ್‌ನಲ್ಲಿ ಯಾವುದೇ ಬದಲಾವಣೆಯಾದಾಗ, ಅದರ ವಿವರ ಮೊದಲು ಮೆಮೊರಿಯಲ್ಲಿರುವ ರೀಡೂ ಲಾಗ್ ಬಫರ್‌ಗೆ ಹೋಗುತ್ತದೆ. ಅಲ್ಲಿಂದ ಡಿಸ್ಕ್‌ನ ಆನ್‌ಲೈನ್ ರೀಡೂ ಲಾಗ್‌ಗೆ ಬರೆಯುವುದು ಲಾಗ್ ರೈಟರ್ ಎಂಬ ಪ್ರೊಸೆಸ್. ಬಳಕೆದಾರರು ಕಮಿಟ್ (ವ್ಯವಹಾರವನ್ನು ಖಾಯಂ ಮಾಡುವ ಆದೇಶ) ಕೊಟ್ಟಾಗ, ಬಫರ್ ಮೂರನೇ ಒಂದು ಭಾಗ ತುಂಬಿದಾಗ, ಅಥವಾ 1 ಎಂಬಿಯಷ್ಟು ರೀಡೂ ಸೇರಿದಾಗ ಅದು ಬರೆಯುತ್ತದೆ. ಇವಾವುವೂ ಆಗದಿದ್ದರೂ 3 ಸೆಕೆಂಡಿಗೊಮ್ಮೆ ಎಚ್ಚರಗೊಂಡು ನೋಡುತ್ತದೆ. ಬದಲಾದ ಬ್ಲಾಕ್‌ಗಳನ್ನು ನಿಜವಾದ ಡೇಟಾ ಫೈಲ್‌ಗಳಿಗೆ ಸಾಗಿಸುವ ಕೆಲಸ ಡೇಟಾಬೇಸ್ ರೈಟರ್‌ನದು, ಮತ್ತು ಅದು ನಿಧಾನವಾಗಿ, ತನ್ನ ಅನುಕೂಲದಂತೆ ನಡೆಯುತ್ತದೆ. ನಿಮ್ಮದು ಸಹಕಾರ ಸಂಸ್ಥೆಯಾದ್ದರಿಂದ ಒಂದು ಹೋಲಿಕೆ ಕೊಡಬಹುದು: ರೀಡೂ ಲಾಗ್ ಎಂದರೆ ರೋಜುಕಿರ್ದಿ, ಡೇಟಾ ಫೈಲ್ ಎಂದರೆ ಖಾತಾವಹಿ. ಕಿರ್ದಿಯಲ್ಲಿ ಬಿದ್ದ ವ್ಯವಹಾರ ಖಾತೆಗೆ ಏರುವುದು ತಡವಾದರೂ ನಷ್ಟವಿಲ್ಲ, ಕಿರ್ದಿ ಕೈಯಲ್ಲಿರುವವರೆಗೆ.

ಆದರೆ ಈ ಕಿರ್ದಿಗೆ ಹಾಳೆಗಳು ಸೀಮಿತ. ಆನ್‌ಲೈನ್ ಲಾಗ್‌ಗಳು ಕನಿಷ್ಠ ಎರಡು ಗುಂಪುಗಳಾಗಿರಬೇಕು. ಡೇಟಾಬೇಸ್ ಸೃಷ್ಟಿಸುವ ಸಹಾಯಕ ತಂತ್ರಾಂಶ ಸಾಮಾನ್ಯವಾಗಿ ಮೂರು ಗುಂಪು ಮಾಡುತ್ತದೆ. 19ಸಿಯಲ್ಲಿ ಅದು ತಾನಾಗಿ ಇಡುವ ಗಾತ್ರವೇ 200 ಎಂಬಿ, ಆದ್ದರಿಂದ ನಿಮ್ಮ ಸಂಸ್ಥೆಯಲ್ಲಿ ಸ್ಥಾಪನೆಯ ನಂತರ ಯಾರೂ ಅದನ್ನು ಮುಟ್ಟಿಲ್ಲ ಎಂದು ಊಹಿಸುತ್ತೇನೆ. ಲಾಗ್ ರೈಟರ್ ಈ ಗುಂಪುಗಳಲ್ಲಿ ಒಂದರ ನಂತರ ಒಂದರಂತೆ ಬರೆಯುತ್ತ ಹೋಗಿ, ಕೊನೆಯದು ತುಂಬಿದಾಗ ಮತ್ತೆ ಮೊದಲನೆಯದಕ್ಕೆ ಬರುತ್ತದೆ, ಅಂದರೆ ಹಳೆಯದರ ಮೇಲೆಯೇ ಹೊಸದನ್ನು ಬರೆಯುತ್ತದೆ.

ಈ ತಿರುವಿನಲ್ಲಿ ಏನಾಗುತ್ತದೆ ಎಂಬುದನ್ನು ಸಂಖ್ಯೆಗಳನ್ನಿಟ್ಟು ನೋಡೋಣ. ಮೊದಲ ಗುಂಪಿನಲ್ಲಿ ಸೀಕ್ವೆನ್ಸ್ 811, ಎರಡನೆಯದರಲ್ಲಿ 812, ಮೂರನೆಯದರಲ್ಲಿ 813 ಇದೆ ಎಂದುಕೊಳ್ಳಿ. ಈಗ ಬರೆಯುತ್ತಿರುವುದು 813ಕ್ಕೆ, ಆದ್ದರಿಂದ ವಿ$ಲಾಗ್ ಎಂಬ ನೋಟದಲ್ಲಿ (ವ್ಯೂ, ಅಂದರೆ ಡೇಟಾಬೇಸ್ ತನ್ನ ಸ್ಥಿತಿ ತೋರಿಸುವ ಪಟ್ಟಿ) ಅದರ ಸ್ಥಿತಿ ‘ಕರೆಂಟ್’ ಎಂದಿರುತ್ತದೆ. 813 ತುಂಬಿದೊಡನೆ ಲಾಗ್ ರೈಟರ್ ಬಾಕಿ ಉಳಿದ ರೀಡೂ ಬರೆದು ಮುಗಿಸಿ, ಆ ಲಾಗ್ ಯಾವ ಎಸ್‌ಸಿಎನ್‌ನಲ್ಲಿ (ಬದಲಾವಣೆಗಳ ಕ್ರಮಸಂಖ್ಯೆ) ಮುಗಿಯಿತು ಎಂಬುದನ್ನು ಕಂಟ್ರೋಲ್ ಫೈಲ್‌ನಲ್ಲಿ (ಡೇಟಾಬೇಸ್‌ನ ಫೈಲ್‌ಗಳ ವಿವರವಿರುವ ಫೈಲ್) ದಾಖಲಿಸಿ, ಮೊದಲ ಗುಂಪಿನ ಫೈಲ್‌ನ ತಲೆಬರಹದಲ್ಲಿ 814 ಎಂಬ ಹೊಸ ಸಂಖ್ಯೆಯನ್ನು ಬರೆದು ಅಲ್ಲಿಂದ ಮುಂದುವರಿಯುತ್ತದೆ. ಇದೇ ಲಾಗ್ ಸ್ವಿಚ್. ಆ ಅರೆಗಳಿಗೆಯಲ್ಲಿ ಹೊಸ ರೀಡೂ ಹುಟ್ಟುವುದು ನಿಲ್ಲುತ್ತದೆ. ಬಳಕೆದಾರರ ಸೆಷನ್‌ಗಳು ‘ಲಾಗ್ ಫೈಲ್ ಸ್ವಿಚ್ ಕಂಪ್ಲೀಷನ್’ ಎಂಬ ಕಾಯುವಿಕೆಯಲ್ಲಿ ಕಾಣಿಸಿಕೊಂಡರೆ ಅದರ ಅರ್ಥ ಇಷ್ಟೆ.

ಆದರೆ ಮೊದಲ ಗುಂಪಿನಲ್ಲಿದ್ದ 811ನ್ನು ಅಳಿಸಿ 814 ಬರೆಯಲು ಎರಡು ಅನುಮತಿಗಳು ಬೇಕು. 811ರಲ್ಲಿ ದಾಖಲಾದ ಬದಲಾವಣೆಗಳೆಲ್ಲ ಡೇಟಾ ಫೈಲ್‌ಗಳಿಗೆ ತಲುಪಿರಬೇಕು, ಅಂದರೆ ಚೆಕ್‌ಪಾಯಿಂಟ್ ಅದನ್ನು ದಾಟಿರಬೇಕು. ಇದು ಡೇಟಾಬೇಸ್ ರೈಟರ್ ಕಡೆಯಿಂದ ಬರುವ ಅನುಮತಿ. ಡೇಟಾಬೇಸ್ ಆರ್ಕೈವ್‌ಲಾಗ್ ಮೋಡ್‌ನಲ್ಲಿದ್ದರೆ 811ರ ಪ್ರತಿ ಆರ್ಕೈವ್ ಸ್ಥಳಕ್ಕೆ ಹೋಗಿ ಸೇರಿರಬೇಕು. ಇದು ಆರ್ಕೈವರ್ ಪ್ರೊಸೆಸ್ ಕಡೆಯಿಂದ ಬರುವ ಅನುಮತಿ. ವಿ$ಲಾಗ್‌ನಲ್ಲಿ ಮೊದಲನೆಯದನ್ನು ತೋರಿಸುವುದು ‘ಸ್ಟೇಟಸ್’ ಕಾಲಂ, ಎರಡನೆಯದನ್ನು ತೋರಿಸುವುದು ‘ಆರ್ಕೈವ್ಡ್’ ಕಾಲಂ. ಸ್ವಿಚ್ ಆದ ಕೂಡಲೆ ನೋಡಿದರೆ 813ರ ಮುಂದೆ ‘ಆ್ಯಕ್ಟಿವ್’ ಮತ್ತು ‘ನೋ’ ಎಂದಿರುತ್ತದೆ. ಸ್ವಲ್ಪ ಹೊತ್ತಿನಲ್ಲಿ ‘ನೋ’ ಎಂಬುದು ‘ಯೆಸ್’ ಆಗುತ್ತದೆ. ಇನ್ನಷ್ಟು ಹೊತ್ತಿನ ಮೇಲೆ ‘ಆ್ಯಕ್ಟಿವ್’ ಎಂಬುದು ‘ಇನ್‌ಆ್ಯಕ್ಟಿವ್’ ಆಗುತ್ತದೆ. ಇವೆರಡೂ ಒಂದನ್ನೊಂದು ಕಾಯುವುದಿಲ್ಲ, ಹಿಂದುಮುಂದಾಗಿಯೂ ಆಗಬಹುದು. ಸ್ವಿಚ್ ಆದ ಮೇಲೂ ಲಾಗ್ ಬಹಳ ಹೊತ್ತು ‘ಆ್ಯಕ್ಟಿವ್’ ಆಗಿಯೇ ಇದೆಯಲ್ಲ ಎಂದು ಗಾಬರಿಪಡುವವರಿದ್ದಾರೆ. ಸ್ವಿಚ್‌ನಿಂದ ಶುರುವಾಗುವ ಚೆಕ್‌ಪಾಯಿಂಟ್ ಕಡಿಮೆ ಆದ್ಯತೆಯದು, ಬೇಕೆಂದೇ ನಿಧಾನ ಮಾಡಲಾಗಿದೆ, ಅದರಲ್ಲಿ ದೋಷವೇನಿಲ್ಲ. ಆ ಹೊತ್ತಿನಲ್ಲಿ ಸರ್ವರ್ ಹಠಾತ್ತನೆ ನಿಂತರೆ ಮರುಚೇತರಿಕೆಗೆ ಆ ಲಾಗ್ ಇನ್ನೂ ಬೇಕು ಎಂಬುದಷ್ಟೇ ಆ ಪದದ ಅರ್ಥ.

ಈಗ ನಿಮ್ಮ ತಿಂಗಳ ಕೊನೆಗೆ ಬರೋಣ. ಬಡ್ಡಿ ಲೆಕ್ಕದಂತಹ ಕೆಲಸ ಸಾವಿರಾರು ಖಾತೆಗಳನ್ನು ಒಟ್ಟಿಗೆ ಬದಲಾಯಿಸುತ್ತದೆ, ರೀಡೂ ಹೊಳೆಯಂತೆ ಹರಿಯುತ್ತದೆ, ಲಾಗ್‌ಗಳು ಬೇಗ ಬೇಗ ತುಂಬಿ ಸ್ವಿಚ್ ಆಗುತ್ತವೆ. ಆರ್ಕೈವರ್ ಅವುಗಳನ್ನು ಫಾಸ್ಟ್ ರಿಕವರಿ ಏರಿಯಾಗೆ, ಅಂದರೆ ಆರ್ಕೈವ್ ಮತ್ತು ಬ್ಯಾಕಪ್‌ಗಳಿಗೆ ಮೀಸಲಾದ ಜಾಗಕ್ಕೆ, ನಕಲಿಸುತ್ತ ಬಂತು. ಈ ಜಾಗದ ಮಿತಿಯನ್ನು ನಿರ್ಧರಿಸುವುದು ಡಿಸ್ಕ್ ಅಲ್ಲ, ‘ಡಿಬಿ_ರಿಕವರಿ_ಫೈಲ್_ಡೆಸ್ಟ್_ಸೈಜ್’ ಎಂಬ ಪ್ಯಾರಾಮೀಟರ್. ಡಿಸ್ಕ್‌ನಲ್ಲಿ 500 ಜಿಬಿ ಖಾಲಿ ಇದ್ದು ಈ ಮಿತಿ 50 ಜಿಬಿ ಎಂದಿದ್ದರೆ, ಒರಾಕಲ್ ಪಾಲಿಗೆ 50 ಜಿಬಿ ತುಂಬಿದೊಡನೆ ಜಾಗ ಮುಗಿಯಿತು. ‘ಡಿಸ್ಕ್‌ನಲ್ಲಿ ಜಾಗವಿತ್ತು’ ಎಂಬ ನಿಮ್ಮ ಮಾತಿಗೆ ಉತ್ತರ ಇಲ್ಲಿದೆ. ಆ ದಿನದ ಅಲರ್ಟ್ ಲಾಗ್ (ಡೇಟಾಬೇಸ್ ತನ್ನ ಘಟನೆ, ದೋಷಗಳನ್ನು ಬರೆದಿಡುವ ಫೈಲ್) ತೆರೆದು ನೋಡಿ: ಓಆರ್‌ಎ-19815 ಎಂಬ ಎಚ್ಚರಿಕೆ ಬಂದು, ಎಷ್ಟು ಬೈಟ್‌ಗಳ ಮಿತಿಯಲ್ಲಿ ಶೇಕಡಾ ಎಷ್ಟು ಬಳಕೆಯಾಗಿದೆ ಎಂಬುದನ್ನು ಹೇಳಿರುತ್ತದೆ, ಅದರ ಬಳಿಯಲ್ಲೇ ಮಿತಿ ಮೀರಿತೆನ್ನುವ ಓಆರ್‌ಎ-19809 ಇರುತ್ತದೆ. ಮರಳಿ ಪಡೆಯಬಹುದಾದ ಜಾಗ ಶೇಕಡಾ 15ಕ್ಕಿಂತ ಕಡಿಮೆಯಾದಾಗ ಒಮ್ಮೆ, ಶೇಕಡಾ 3ಕ್ಕಿಂತ ಕಡಿಮೆಯಾದಾಗ ಇನ್ನೊಮ್ಮೆ ಒರಾಕಲ್ ಎಚ್ಚರಿಸುತ್ತದೆ. ಅಲರ್ಟ್ ಲಾಗನ್ನು ದಿನವೂ ಓದುವವರಿಲ್ಲದ ಕಡೆ ಈ ಎಚ್ಚರಿಕೆಗಳು ಯಾರ ಕಿವಿಗೂ ಬೀಳುವುದಿಲ್ಲ.

ಆರ್ಕೈವರ್ ನಿಂತ ಮೇಲೂ ಡೇಟಾಬೇಸ್ ಕೂಡಲೆ ನಿಲ್ಲುವುದಿಲ್ಲ. ಉಳಿದ ಗುಂಪುಗಳು ತುಂಬುವವರೆಗೆ ಲಾಗ್ ರೈಟರ್ ಬರೆಯುತ್ತಲೇ ಇರುತ್ತದೆ. ಕೊನೆಗೆ ಎಲ್ಲ ಗುಂಪುಗಳ ‘ಆರ್ಕೈವ್ಡ್’ ಕಾಲಂನಲ್ಲೂ ‘ನೋ’ ಎಂದಾದಾಗ ಅದಕ್ಕೆ ಕಾಲಿಡಲು ಜಾಗವಿಲ್ಲ. ಆಗ ರೀಡೂ ಬೇಕಾಗುವ ಪ್ರತಿಯೊಂದು ಸೆಷನ್ ‘ಲಾಗ್ ಫೈಲ್ ಸ್ವಿಚ್, ಆರ್ಕೈವಿಂಗ್ ನೀಡೆಡ್’ ಎಂದು ಕಾಯುತ್ತ ಕೂರುತ್ತದೆ, ಹೊಸದಾಗಿ ಬರುವವರಿಗೆ ಓಆರ್‌ಎ-00257 ಸಿಗುತ್ತದೆ, ಸಿಸ್‌ಡಿಬಿಎ ಎಂಬ ಮೇಲ್ಮಟ್ಟದ ಆಡಳಿತ ಅಧಿಕಾರದವರು ಮಾತ್ರ ಒಳಗೆ ಹೋಗಬಹುದು. ಬಳಕೆದಾರರ ಕಣ್ಣಿಗೆ ಇದು ಡೇಟಾಬೇಸ್ ಕೆಟ್ಟುಹೋದಂತೆ ಕಾಣುತ್ತದೆ. ನನ್ನ ದೃಷ್ಟಿಯಲ್ಲಿ ಅದು ತನ್ನ ಮಾತನ್ನು ಉಳಿಸಿಕೊಂಡಿತು: ನಕಲು ಸಿಗದ ಲಾಗನ್ನು ಅಳಿಸುವುದಿಲ್ಲ ಎಂಬ ಮಾತು. ಆರ್ಕೈವ್‌ಲಾಗ್ ಮೋಡನ್ನು ನಾವು ಬಯಸಿ ಹಾಕಿಕೊಳ್ಳುವುದೇ ಆ ಮಾತಿಗಾಗಿ.

ಹಾಗಾದರೆ ಫೈಲ್‌ಗಳನ್ನು ಅಳಿಸಿದರೂ ಏಕೆ ಸರಿಹೋಗಲಿಲ್ಲ? ನೀವು ಅಳಿಸಿದ್ದು ಬಹುಶಃ ಲಿನಕ್ಸ್‌ನ ‘ಆರ್‌ಎಂ’ ಆದೇಶದಿಂದ. ರಿಕವರಿ ಏರಿಯಾದಲ್ಲಿ ಎಷ್ಟು ಬಳಕೆಯಾಗಿದೆ ಎಂಬ ಲೆಕ್ಕವನ್ನು ಒರಾಕಲ್ ಕಂಟ್ರೋಲ್ ಫೈಲ್‌ನಲ್ಲಿ ಇಟ್ಟುಕೊಂಡಿರುತ್ತದೆ. ಹೊರಗಿನಿಂದ ಫೈಲ್ ಮಾಯವಾದದ್ದು ಅದಕ್ಕೆ ಗೊತ್ತಾಗುವುದಿಲ್ಲ. ಒರಾಕಲ್‌ನ ಬ್ಯಾಕಪ್ ಸಾಧನವಾದ ಆರ್‌ಮ್ಯಾನ್‌ನಲ್ಲಿ ‘ಕ್ರಾಸ್‌ಚೆಕ್ ಆರ್ಕೈವ್‌ಲಾಗ್ ಆಲ್’ ಕೊಟ್ಟು, ಅನಂತರ ‘ಡಿಲೀಟ್ ಎಕ್ಸ್‌ಪೈರ್ಡ್ ಆರ್ಕೈವ್‌ಲಾಗ್ ಆಲ್’ ಕೊಟ್ಟಾಗಲೇ ಆ ಲೆಕ್ಕ ಸರಿಯಾಗುವುದು. ಮತ್ತೊಮ್ಮೆ ಇಂಥ ಸ್ಥಿತಿ ಬಂದರೆ ಏನನ್ನೂ ಅಳಿಸಲು ಹೋಗಬೇಡಿ. ಡಿಸ್ಕ್‌ನಲ್ಲಿ ನಿಜವಾಗಿ ಜಾಗವಿದ್ದರೆ ಸಿಸ್‌ಡಿಬಿಎ ಆಗಿ ಲಾಗಿನ್ ಆಗಿ ಆ ಪ್ಯಾರಾಮೀಟರ್‌ನ ಮಿತಿಯನ್ನು ಹೆಚ್ಚಿಸಿ. ಡೇಟಾಬೇಸ್ ನಿಲ್ಲಿಸಿ ಶುರುಮಾಡುವ ಅಗತ್ಯವಿಲ್ಲ, ಆರ್ಕೈವರ್ ತಾನಾಗಿ ಕೆಲಸ ಮುಂದುವರಿಸುತ್ತದೆ. ಕೆಲವೊಮ್ಮೆ ಎರಡು-ಮೂರು ನಿಮಿಷ ಕಾದರೂ ಚಲನೆ ಕಾಣದೇ ಹೋದರೆ ಹೆದರಬೇಡಿ. ವಿಫಲವಾದ ಆರ್ಕೈವ್ ಸ್ಥಳವನ್ನು ಮತ್ತೆ ಪ್ರಯತ್ನಿಸುವ ಮುಂಚಿನ ಅವಧಿ, ಬೇರೆ ಹೇಳದಿದ್ದರೆ, 300 ಸೆಕೆಂಡು. ಜನ ಕೆಲಸಕ್ಕೆ ಮರಳಿದ ಮೇಲೆ ಆರ್‌ಮ್ಯಾನ್ ಮೂಲಕ ಆರ್ಕೈವ್‌ಗಳ ಬ್ಯಾಕಪ್ ತೆಗೆದು, ಬ್ಯಾಕಪ್ ಆದವುಗಳನ್ನು ಮಾತ್ರ ಅಳಿಸುವ ಆದೇಶ ಕೊಡಿ. ವಿ$ರಿಕವರಿ_ಏರಿಯಾ_ಯೂಸೇಜ್ ನೋಟದಲ್ಲಿ ಆರ್ಕೈವ್‌ಗಳು ಎಷ್ಟು ಪಾಲು ನುಂಗಿವೆ, ಅದರಲ್ಲಿ ಮರಳಿ ಪಡೆಯಬಹುದಾದದ್ದೆಷ್ಟು ಎಂಬುದು ಕಾಣುತ್ತದೆ. ಸರಿಯಾಗಿ ನಡೆಯುವ ಕಡೆಯಲ್ಲಿ ಈ ಜಾಗ ಯಾವಾಗಲೂ ಬಹುಪಾಲು ತುಂಬಿಯೇ ಇರುತ್ತದೆ. ಬ್ಯಾಕಪ್ ಆದ ಫೈಲ್‌ಗಳನ್ನು ಒರಾಕಲ್ ಜಾಗ ಬೇಕಾದಾಗ ತಾನೇ ತೆಗೆದುಹಾಕುತ್ತದೆ. ಬ್ಯಾಕಪ್ ಆಗದ ಫೈಲ್‌ಗಳಿಂದ ತುಂಬಿದರೆ ಮಾತ್ರ ಅಪಾಯ. ನಿಮ್ಮಲ್ಲಿ ಆರ್ಕೈವ್ ಬ್ಯಾಕಪ್ ದಿನಕ್ಕೊಮ್ಮೆ ರಾತ್ರಿ ನಡೆಯುತ್ತಿದ್ದರೆ, ತಿಂಗಳ ಕೊನೆಯ ದಿನ ಮಾತ್ರ ಅದನ್ನು ಎರಡು ಗಂಟೆಗೊಮ್ಮೆ ಇಟ್ಟುಕೊಳ್ಳಿ. ಅಂದು ಬೇಕಾಗುವುದು ಇಷ್ಟೇ.

ಇಂಥ ಇಕ್ಕಟ್ಟಿನಲ್ಲಿ ‘ಕ್ಲಿಯರ್ ಅನ್‌ಆರ್ಕೈವ್ಡ್ ಲಾಗ್‌ಫೈಲ್’ ಎಂಬ ಆದೇಶವನ್ನು ಯಾರಾದರೂ ಸೂಚಿಸಬಹುದು. ಅದು ಕೆಲಸ ಮಾಡುತ್ತದೆ, ಡೇಟಾಬೇಸ್ ಕ್ಷಣದಲ್ಲಿ ಓಡತೊಡಗುತ್ತದೆ, ಮತ್ತು ಸೀಕ್ವೆನ್ಸ್ ಸರಪಳಿಯಲ್ಲಿ ಒಂದು ಕೊಂಡಿ ಶಾಶ್ವತವಾಗಿ ಹೋಗುತ್ತದೆ. ಲಾಗ್ ಫೈಲೇ ಹಾಳಾಗಿ ಆರ್ಕೈವ್ ಮಾಡಲು ಸಾಧ್ಯವೇ ಇಲ್ಲದಾಗ ಬಳಸಬೇಕಾದ ಆದೇಶ ಅದು. ಜಾಗದ ಕೊರತೆಗೆ ಅದು ಮದ್ದಲ್ಲ.

ಇನ್ನೊಂದು ಅನುಮತಿ ಸಿಗದಿದ್ದಾಗ ಏನಾಗುತ್ತದೆ ಎಂಬುದನ್ನೂ ಹೇಳಬೇಕು. ನಿಮ್ಮ ಅಲರ್ಟ್ ಲಾಗ್‌ನಲ್ಲಿ ಅದೂ ಇರುವ ಸಾಧ್ಯತೆ ಹೆಚ್ಚು, ಮತ್ತು ಜನ ಇವೆರಡನ್ನೂ ಬೆರೆಸಿಬಿಡುತ್ತಾರೆ. ‘ಥ್ರೆಡ್ 1 ಕೆನಾಟ್ ಅಲೊಕೇಟ್ ನ್ಯೂ ಲಾಗ್’ ಎಂಬ ಸಾಲಿನ ಕೆಳಗೆ ‘ಚೆಕ್‌ಪಾಯಿಂಟ್ ನಾಟ್ ಕಂಪ್ಲೀಟ್’ ಎಂದಿದ್ದರೆ ಆರ್ಕೈವರ್ ತನ್ನ ಕೆಲಸ ಮುಗಿಸಿರಬಹುದು. ಡೇಟಾಬೇಸ್ ರೈಟರ್ ಹಿಂದೆ ಬಿದ್ದಿದೆ. ಲಾಗ್‌ಗಳು ಒಂದು ಸುತ್ತು ತಿರುಗಿ ಬಂದರೂ ಹಳೆಯ ಬ್ಲಾಕ್‌ಗಳು ಇನ್ನೂ ಡೇಟಾ ಫೈಲ್ ತಲುಪಿಲ್ಲ. ಇದಕ್ಕೆ ರಿಕವರಿ ಏರಿಯಾ ಎಷ್ಟು ಹಿಗ್ಗಿಸಿದರೂ ಫಲವಿಲ್ಲ. ಲಾಗ್‌ಗಳ ಗಾತ್ರ ಹೆಚ್ಚಿಸಬೇಕು, ಇಲ್ಲವೇ ಗುಂಪುಗಳನ್ನು ಹೆಚ್ಚಿಸಬೇಕು, ಅಥವಾ ಡೇಟಾ ಫೈಲ್‌ಗಳಿರುವ ಡಿಸ್ಕ್ ಏಕೆ ನಿಧಾನ ಎಂದು ನೋಡಬೇಕು. ಅದೇ ಜಾಗದಲ್ಲಿ ‘ಪ್ರೈವೇಟ್ ಸ್ಟ್ರ್ಯಾಂಡ್ ಫ್ಲಶ್ ನಾಟ್ ಕಂಪ್ಲೀಟ್’ ಎಂದಿದ್ದರೆ ತಲೆಕೆಡಿಸಿಕೊಳ್ಳಬೇಡಿ. ಸ್ವಿಚ್ ಮಾಡುವ ಗಳಿಗೆಯಲ್ಲಿ ಮೆಮೊರಿಯಲ್ಲಿದ್ದ ಸ್ವಲ್ಪ ರೀಡೂ ಇನ್ನೂ ಲಾಗ್‌ಗೆ ಸೇರಿರಲಿಲ್ಲ ಎಂಬುದಷ್ಟೇ ಅದರ ಅರ್ಥ.

ಈ ಹಿನ್ನೆಲೆಯಲ್ಲಿ ಎರಡು ಆದೇಶಗಳ ವ್ಯತ್ಯಾಸ ಸುಲಭ. ‘ಆಲ್ಟರ್ ಸಿಸ್ಟಮ್ ಸ್ವಿಚ್ ಲಾಗ್‌ಫೈಲ್’ ಎಂದರೆ ಈಗಿನ ಲಾಗ್ ತುಂಬಿರದಿದ್ದರೂ ಮುಂದಿನದಕ್ಕೆ ಹೋಗು ಎಂದು ಹೇಳಿದಂತೆ. ಸ್ವಿಚ್ ಆದೊಡನೆ ಆದೇಶ ಮುಗಿಯಿತು. ಹಿಂದಿನ ಲಾಗ್ ಆರ್ಕೈವ್ ಆಯಿತೇ ಎಂದು ಅದು ಕಾಯುವುದಿಲ್ಲ, ಹೇಳುವುದೂ ಇಲ್ಲ. ‘ಆಲ್ಟರ್ ಸಿಸ್ಟಮ್ ಆರ್ಕೈವ್ ಲಾಗ್ ಕರೆಂಟ್’ ಕೂಡ ಸ್ವಿಚ್ ಮಾಡುತ್ತದೆ, ಆದರೆ ಆರ್ಕೈವ್ ಮುಗಿಯುವವರೆಗೆ ನಿಮ್ಮ ಕೈಗೆ ಪ್ರಾಂಪ್ಟ್ ಮರಳಿ ಕೊಡುವುದಿಲ್ಲ. ಬ್ಯಾಕಪ್ ಸ್ಕ್ರಿಪ್ಟ್‌ನ ಕೊನೆಯಲ್ಲಿ ಮೊದಲನೆಯದನ್ನು ಬರೆದು, ಮರುಸಾಲಿನಲ್ಲೇ ಆರ್ಕೈವ್ ಫೋಲ್ಡರನ್ನು ನಕಲಿಸಿದರೆ ಅತ್ಯಗತ್ಯವಾದ ಕೊನೆಯ ಫೈಲೇ ಅರ್ಧ ಬರೆದ ಸ್ಥಿತಿಯಲ್ಲಿ ನಕಲಾಗಬಹುದು, ಅಥವಾ ತಪ್ಪಿಯೇ ಹೋಗಬಹುದು. ಎರಡನೆಯದನ್ನು ಬಳಸಿದರೆ ಆ ಅಪಾಯವಿಲ್ಲ. ಒಂದಕ್ಕಿಂತ ಹೆಚ್ಚು ಸರ್ವರ್‌ಗಳು ಒಂದೇ ಡೇಟಾಬೇಸನ್ನು ನಡೆಸುವ ಕ್ಲಸ್ಟರ್ ವ್ಯವಸ್ಥೆಯಲ್ಲಿ ಅಂತರ ಇನ್ನೂ ದೊಡ್ಡದು. ಸ್ವಿಚ್ ಆದೇಶ ನೀವು ಕುಳಿತಿರುವ ಇನ್‌ಸ್ಟೆನ್ಸ್‌ನ, ಅಂದರೆ ಆ ಒಂದು ಸರ್ವರ್‌ನಲ್ಲಿ ಓಡುತ್ತಿರುವ ಒರಾಕಲ್‌ನ ಲಾಗನ್ನು ಮಾತ್ರ ತಿರುಗಿಸುತ್ತದೆ. ಆರ್ಕೈವ್ ಆದೇಶ, ಥ್ರೆಡ್ ಸಂಖ್ಯೆ (ಯಾವ ಇನ್‌ಸ್ಟೆನ್ಸ್‌ನ ಲಾಗ್ ಎಂಬ ಗುರುತು) ಹೇಳದಿದ್ದರೆ, ಎಲ್ಲ ಇನ್‌ಸ್ಟೆನ್ಸ್‌ಗಳ ಲಾಗ್‌ಗಳನ್ನೂ ತಿರುಗಿಸಿ ಆರ್ಕೈವ್ ಮಾಡಿಸುತ್ತದೆ. ನೋಆರ್ಕೈವ್‌ಲಾಗ್ ಮೋಡ್‌ನಲ್ಲಿರುವ ಡೇಟಾಬೇಸ್‌ನಲ್ಲಿ ಮೊದಲನೆಯದು ಸದ್ದಿಲ್ಲದೆ ಓಡುತ್ತದೆ, ಎರಡನೆಯದು ಓಆರ್‌ಎ-00258 ದೋಷ ಕೊಡುತ್ತದೆ. ಸ್ಕ್ರಿಪ್ಟ್‌ಗಳಲ್ಲಿ ನಾನು ಎರಡನೆಯದನ್ನೇ ಇಷ್ಟಪಡಲು ಇದೂ ಒಂದು ಕಾರಣ. ಅಂದಹಾಗೆ ಆರ್‌ಮ್ಯಾನ್‌ನಲ್ಲಿ ‘ಬ್ಯಾಕಪ್ ಡೇಟಾಬೇಸ್ ಪ್ಲಸ್ ಆರ್ಕೈವ್‌ಲಾಗ್’ ಎಂದು ಕೊಟ್ಟರೆ ಆರಂಭದಲ್ಲೊಮ್ಮೆ, ಡೇಟಾ ಫೈಲ್‌ಗಳು ಮುಗಿದ ಮೇಲೊಮ್ಮೆ ಅದೇ ‘ಆರ್ಕೈವ್ ಲಾಗ್ ಕರೆಂಟ್’ ನಡೆಸಿಕೊಳ್ಳುತ್ತದೆ. ನೀವು ಪ್ರತ್ಯೇಕವಾಗಿ ಬರೆಯಬೇಕಾಗಿಲ್ಲ.

ಈಗ ಕ್ರಾನ್. ಐದು ನಿಮಿಷಕ್ಕೊಂದು ಸ್ವಿಚ್ ಎಂದರೆ ದಿನಕ್ಕೆ 288 ಆರ್ಕೈವ್ ಫೈಲ್‌ಗಳು, ಅರ್ಧರಾತ್ರಿಯಲ್ಲಿ ಯಾರೂ ಕೆಲಸ ಮಾಡದಿದ್ದಾಗಲೂ. ತಿಂಗಳ ಕೊನೆಯಲ್ಲಿ ಲಾಗ್‌ಗಳು ತಾವಾಗಿಯೇ ನಿಮಿಷಕ್ಕೊಮ್ಮೆ ತಿರುಗುತ್ತಿರುವಾಗ ಈ ಹೆಚ್ಚುವರಿ ಸ್ವಿಚ್‌ಗಳು ಚೆಕ್‌ಪಾಯಿಂಟ್ ಒತ್ತಡವನ್ನು ಇನ್ನಷ್ಟು ಹೆಚ್ಚಿಸುತ್ತವೆ. ಆರ್ಕೈವ್ ಜಾಗ ತುಂಬಿದಾಗ ಅವು ಮಾಡುವುದೇನೆಂದರೆ, ಉಳಿದ ಗುಂಪುಗಳನ್ನು ಬೇಗ ಖರ್ಚುಮಾಡಿ ಡೇಟಾಬೇಸನ್ನು ಇನ್ನೂ ಬೇಗ ನಿಲ್ಲಿಸುವುದು. ಆದರೂ ಹಿರಿಯರ ಮಾತಿನ ಹಿಂದೆ ಒಂದು ನ್ಯಾಯವಾದ ಕಾಳಜಿ ಇದೆ: ವಹಿವಾಟು ಕಡಿಮೆ ಇರುವ ದಿನ 200 ಎಂಬಿಯ ಲಾಗ್ ಸಂಜೆಯವರೆಗೂ ತುಂಬದೆ, ಸರ್ವರ್‌ನ ಡಿಸ್ಕ್ ಸುಟ್ಟುಹೋದರೆ ಇಡೀ ದಿನದ ಲೆಕ್ಕ ಹೋಗಬಹುದು. ಅದಕ್ಕೆ ಒರಾಕಲ್‌ನಲ್ಲೇ ‘ಆರ್ಕೈವ್_ಲ್ಯಾಗ್_ಟಾರ್ಗೆಟ್’ ಎಂಬ ಪ್ಯಾರಾಮೀಟರ್ ಇದೆ. 60ರಿಂದ 7200 ಸೆಕೆಂಡುಗಳವರೆಗೆ ಕೊಡಬಹುದು, ಸೊನ್ನೆ ಎಂದರೆ ನಿಷ್ಕ್ರಿಯ. ಸಾಮಾನ್ಯವಾಗಿ 1800, ಅಂದರೆ ಅರ್ಧ ಗಂಟೆ, ಸಾಕು. ಲಾಗ್ ಅಷ್ಟು ಹಳೆಯದಾಗುತ್ತ ಬಂದಿದ್ದು ಅದರಲ್ಲಿ ರೀಡೂ ಇದ್ದರೆ ಮಾತ್ರ ಅದು ಸ್ವಿಚ್ ಮಾಡಿಸುತ್ತದೆ, ಈಗಾಗಲೇ ತಿರುಗಿದ ಲಾಗನ್ನು ಮತ್ತೆ ಕೆಣಕುವುದಿಲ್ಲ.

ಆದರೆ ಒಂದು ಪ್ರಶ್ನೆಯನ್ನು ನಿಮಗೂ ನಿಮ್ಮ ಹಿರಿಯರಿಗೂ ಕೇಳಬೇಕು: ಆರ್ಕೈವ್ ಫೈಲ್‌ಗಳು ಹೋಗಿ ಕೂರುವುದು ಎಲ್ಲಿ? ಆನ್‌ಲೈನ್ ಲಾಗ್‌ಗಳಿರುವ ಅದೇ ಸರ್ವರ್‌ನ ಅದೇ ಡಿಸ್ಕ್ ಸಾಲಿನಲ್ಲಾದರೆ, ಐದು ನಿಮಿಷಕ್ಕೊಮ್ಮೆ ಆರ್ಕೈವ್ ಮಾಡಿ ಗಳಿಸಿದ್ದೇನೂ ಇಲ್ಲ. ಡಿಸ್ಕ್ ಹೋದ ದಿನ ಎರಡೂ ಒಟ್ಟಿಗೆ ಹೋಗುತ್ತವೆ. ಎರಡನೆಯ ಆರ್ಕೈವ್ ಸ್ಥಳವೊಂದನ್ನು ಬೇರೆ ಯಂತ್ರದಲ್ಲಿ ಕೊಡಿ. ಕೊಡುವಾಗ ಅದನ್ನು ‘ಮ್ಯಾಂಡೇಟರಿ’ ಎನ್ನಬೇಕೋ ‘ಆಪ್ಷನಲ್’ ಎನ್ನಬೇಕೋ ಎಂಬುದನ್ನು ಯೋಚಿಸಿ ನಿರ್ಧರಿಸಿ. ಮ್ಯಾಂಡೇಟರಿ ಎಂದರೆ ಆ ಯಂತ್ರ ಕೈಕೊಟ್ಟಾಗ ನಿಮ್ಮ ಮುಖ್ಯ ಡೇಟಾಬೇಸೂ ನಿಲ್ಲುತ್ತದೆ, ಆಪ್ಷನಲ್ ಎಂದರೆ ಮುಖ್ಯ ಡೇಟಾಬೇಸ್ ನಿಲ್ಲುವುದಿಲ್ಲ, ಆದರೆ ಅಲ್ಲಿಗೆ ಪ್ರತಿ ಹೋಗುತ್ತಿಲ್ಲ ಎಂಬುದು ವಾರಗಟ್ಟಲೆ ನಿಮ್ಮ ಗಮನಕ್ಕೇ ಬಾರದೆ ಇರಬಹುದು. ವಿ$ಆರ್ಕೈವ್_ಡೆಸ್ಟ್ ನೋಟದ ‘ಸ್ಟೇಟಸ್’ ಮತ್ತು ‘ಎರರ್’ ಕಾಲಂಗಳನ್ನು ದಿನಕ್ಕೊಮ್ಮೆ ನೋಡುವ ಅಭ್ಯಾಸವಿದ್ದರೆ ನಾನು ಆಪ್ಷನಲ್ ಎನ್ನುತ್ತೇನೆ. ಕೆಲವು ನಿಮಿಷಗಳ ವಹಿವಾಟನ್ನೂ ಕಳೆದುಕೊಳ್ಳಲು ಸಂಸ್ಥೆ ಸಿದ್ಧವಿಲ್ಲದಿದ್ದರೆ ಆರ್ಕೈವ್ ಎಷ್ಟು ಚುರುಕಾದರೂ ಸಾಲದು. ರೀಡೂ ಹುಟ್ಟಿದಂತೆಯೇ ಇನ್ನೊಂದು ಯಂತ್ರಕ್ಕೆ ಕಳುಹಿಸುವ ಡೇಟಾ ಗಾರ್ಡ್ ವ್ಯವಸ್ಥೆಯ ಕಡೆಗೆ ಹೋಗಬೇಕಾಗುತ್ತದೆ.

30 ಎಂಬಿ ಫೈಲ್‌ಗಳ ವಿಷಯ. ಆರ್ಕೈವರ್ ಲಾಗ್‌ನಲ್ಲಿ ಬಳಕೆಯಾದ ಭಾಗವನ್ನು ಮಾತ್ರ ನಕಲಿಸುತ್ತದೆ, ಆದ್ದರಿಂದ ತುಂಬುವ ಮುಂಚೆ ಸ್ವಿಚ್ ಆದ ಲಾಗ್‌ನ ಪ್ರತಿ ಚಿಕ್ಕದಾಗಿಯೇ ಇರುತ್ತದೆ. ಬ್ಯಾಕಪ್ ಮಾಡುವಾಗ ಆರ್‌ಮ್ಯಾನ್ ಮಾಡುವ ಸ್ವಿಚ್‌ಗಳು ಇದಕ್ಕೆ ಸಾಮಾನ್ಯ ಕಾರಣ. ಫೈಲ್‌ಗಳ ಸಮಯವನ್ನು ಬ್ಯಾಕಪ್ ಸಮಯದೊಂದಿಗೆ ಹೊಂದಿಸಿ ನೋಡಿದರೆ ತಿಳಿಯುತ್ತದೆ. ಬಹಳ ಸಿಪಿಯುಗಳಿರುವ ಸರ್ವರ್‌ಗಳಲ್ಲಿ ಇನ್ನೊಂದು ಕಾರಣವಿದೆ. ಅಲ್ಲಿ ಲಾಗ್ ಬಫರನ್ನು ಹಲವು ಸ್ಟ್ರ್ಯಾಂಡ್‌ಗಳಾಗಿ ಒಡೆದು, ಅವುಗಳಿಗೆಂದು ಲಾಗ್ ಫೈಲ್‌ನಲ್ಲಿ ಮೊದಲೇ ಜಾಗ ಕಾದಿರಿಸಲಾಗುತ್ತದೆ. ಒಂದು ಸ್ಟ್ರ್ಯಾಂಡ್‌ಗೆ ಜಾಗ ಸಿಗದಾದಾಗ, ಉಳಿದವು ತಮ್ಮ ಪಾಲನ್ನು ಬಳಸದಿದ್ದರೂ ಸ್ವಿಚ್ ನಡೆಯುತ್ತದೆ. ಲಾಗ್ ಫೈಲ್ ಚಿಕ್ಕದಾದಷ್ಟೂ ಈ ಪೋಲಾಗುವ ಪಾಲು ದೊಡ್ಡದಾಗಿ ಕಾಣುತ್ತದೆ. ಎರಡರಲ್ಲಿ ಯಾವುದಾದರೂ ದತ್ತಾಂಶಕ್ಕೆ ಹಾನಿಯಿಲ್ಲ.

ಲಾಗ್‌ನ ಸರಿಯಾದ ಗಾತ್ರಕ್ಕೆ ಒಂದು ಲೆಕ್ಕ ಹೇಳುತ್ತೇನೆ. ವಿ$ಆರ್ಕೈವ್ಡ್_ಲಾಗ್‌ನಲ್ಲಿ ಬ್ಲಾಕ್‌ಗಳ ಸಂಖ್ಯೆಯನ್ನು ಬ್ಲಾಕ್ ಗಾತ್ರದಿಂದ ಗುಣಿಸಿ, ಗಂಟೆಗೊಂದರಂತೆ ಕೂಡಿಸಿ, ತಿಂಗಳ ಕೊನೆಯ ಅತಿ ಬಿರುಸಿನ ಗಂಟೆಯನ್ನು ಹುಡುಕಿ. ಆ ಗಂಟೆಯಲ್ಲಿ 3 ಜಿಬಿ ರೀಡೂ ಹುಟ್ಟುತ್ತಿದ್ದರೆ, ಇಪ್ಪತ್ತು ನಿಮಿಷಕ್ಕೊಂದು ಸ್ವಿಚ್ ಎಂಬ ರೂಢಿಯ ಪ್ರಕಾರ ಲಾಗ್ 1 ಜಿಬಿ ಇರಬೇಕು. ಅದೇ ಹೊರೆಗೆ 200 ಎಂಬಿಯ ಲಾಗ್ ಆದರೆ ಗಂಟೆಗೆ 15 ಸ್ವಿಚ್. ದೊಡ್ಡ ಲಾಗ್ ಇಟ್ಟರೆ ಸುಮ್ಮನಿರುವ ದಿನಗಳಲ್ಲಿ ತುಂಬುವುದು ತಡವಾಗುತ್ತದಲ್ಲ ಎಂಬ ಚಿಂತೆಗೆ ಮೇಲೆ ಹೇಳಿದ ಲ್ಯಾಗ್ ಟಾರ್ಗೆಟ್ ಉತ್ತರ. ಹೀಗೆ ಬಿರುಸಿನ ದಿನಕ್ಕೆ ಗಾತ್ರ, ನಿಧಾನದ ದಿನಕ್ಕೆ ಗಡುವು, ಎರಡನ್ನೂ ಒಟ್ಟಿಗೆ ಇಡಬೇಕು.

ಇರುವ ಲಾಗ್ ಫೈಲ್‌ನ ಗಾತ್ರವನ್ನು ಹಿಗ್ಗಿಸಲು ಬರುವುದಿಲ್ಲ. ಹೊಸ ಗಾತ್ರದಲ್ಲಿ 4, 5, 6 ಎಂಬ ಗುಂಪುಗಳನ್ನು ಸೇರಿಸಿ, ಕರೆಂಟ್ ಲಾಗ್ ಹೊಸ ಗುಂಪಿಗೆ ಬರುವವರೆಗೆ ಸ್ವಿಚ್ ಮಾಡಿ, ಹಳೆಯವನ್ನು ಒಂದೊಂದಾಗಿ ತೆಗೆಯಬೇಕು. ಸ್ವಿಚ್ ಆದೇಶವನ್ನು ಕೈಯಾರೆ ಕೊಡುವುದು ಸರಿಯಾದ ಸಂದರ್ಭವೆಂದರೆ ಇದು. ಇಲ್ಲೂ ಆ ಎರಡು ಅನುಮತಿಗಳೇ ಎದುರಾಗುತ್ತವೆ. ಇನ್ನೂ ‘ಆ್ಯಕ್ಟಿವ್’ ಇರುವ ಗುಂಪನ್ನು ತೆಗೆಯಲು ಹೋದರೆ ಓಆರ್‌ಎ-01624 ಬರುತ್ತದೆ. ‘ಆಲ್ಟರ್ ಸಿಸ್ಟಮ್ ಚೆಕ್‌ಪಾಯಿಂಟ್’ ಕೊಟ್ಟು ಮತ್ತೆ ಪ್ರಯತ್ನಿಸಿ. ಆರ್ಕೈವ್ ಆಗದಿದ್ದರೆ ಓಆರ್‌ಎ-00350 ಬರುತ್ತದೆ. ಆರ್ಕೈವರ್ ಮುಗಿಸಲಿ ಎಂದು ಕಾಯಿರಿ. ಫೈಲ್‌ಗಳ ಹೆಸರನ್ನು ಒರಾಕಲ್‌ಗೇ ಬಿಟ್ಟಿರದಿದ್ದರೆ, ಗುಂಪನ್ನು ತೆಗೆದರೂ ಫೈಲ್ ಡಿಸ್ಕ್‌ನಲ್ಲೇ ಉಳಿಯುತ್ತದೆ. ಅದನ್ನು ಅಳಿಸುವ ಮುಂಚೆ ವಿ$ಲಾಗ್‌ಫೈಲ್‌ನಲ್ಲಿ ಆ ಹೆಸರು ಇಲ್ಲವೆಂದು ಎರಡು ಬಾರಿ ನೋಡಿಕೊಳ್ಳಿ. ಹೊಸ ಗುಂಪುಗಳಲ್ಲಿ ಪ್ರತಿಯೊಂದಕ್ಕೂ ಬೇರೆ ಬೇರೆ ಡಿಸ್ಕ್‌ನಲ್ಲಿ ಎರಡು ಸದಸ್ಯ ಫೈಲ್‌ಗಳನ್ನಿಡಿ. ಒಂದು ಹಾಳಾದರೂ ಲಾಗ್ ರೈಟರ್ ಇನ್ನೊಂದರಲ್ಲಿ ಬರೆಯುತ್ತ ಹೋಗುತ್ತದೆ.

ನೆನಪಿಗೆ ಬಂದದ್ದರಿಂದ ಒಂದು ಮಾತು: ಹಳೆಯ ಕೈಪಿಡಿಗಳಲ್ಲಿ ‘ಲಾಗ್_ಆರ್ಕೈವ್_ಸ್ಟಾರ್ಟ್’ ಪ್ಯಾರಾಮೀಟರನ್ನು ಟ್ರೂ ಮಾಡಿ ಎಂದಿರುತ್ತದೆ. 9ಐ ಕಾಲದಲ್ಲಿ ಅದಿಲ್ಲದೆ ಆರ್ಕೈವ್‌ಲಾಗ್ ಮೋಡ್‌ಗೆ ಹೋದರೆ ಆರ್ಕೈವರ್ ತಾನಾಗಿ ಏಳುತ್ತಿರಲಿಲ್ಲ, ಗುಂಪುಗಳೆಲ್ಲ ತುಂಬಿ ಡೇಟಾಬೇಸ್ ನಿಲ್ಲುತ್ತಿತ್ತು. 10ಜಿಯಿಂದ ಮೋಡ್ ಬದಲಿಸಿದರೆ ಸಾಕು, ಆರ್ಕೈವರ್ ತಾನೇ ಶುರುವಾಗುತ್ತದೆ.

ಕೊನೆಯದಾಗಿ ಪೋಸ್ಟ್‌ಗ್ರೆಸ್. ಅಲ್ಲಿ ರೀಡೂ ಲಾಗ್ ಸ್ಥಾನದಲ್ಲಿರುವುದು ವಾಲ್ (ರೈಟ್-ಅಹೆಡ್ ಲಾಗ್). ಸಾಮಾನ್ಯವಾಗಿ 16 ಎಂಬಿಯ ತುಣುಕುಗಳು. ತುಣುಕೊಂದನ್ನು ಮರುಬಳಸಲು ಅಲ್ಲಿಯೂ ಚೆಕ್‌ಪಾಯಿಂಟ್ ದಾಟಿರಬೇಕು ಮತ್ತು ಆರ್ಕೈವ್ ಆಗಿರಬೇಕು. ಆದರೆ ಗುಂಪುಗಳ ಸಂಖ್ಯೆ ನಿಗದಿಯಾಗಿಲ್ಲದ ಕಾರಣ ಕೆಡುವ ಬಗೆ ಬೇರೆ. ಆರ್ಕೈವ್ ವಿಫಲವಾದರೆ ಪೋಸ್ಟ್‌ಗ್ರೆಸ್ ಕೂಡಲೆ ನಿಲ್ಲದೆ ಹೊಸ ತುಣುಕುಗಳನ್ನು ಮಾಡುತ್ತಲೇ ಹೋಗುತ್ತದೆ, ಪಿಜಿ_ವಾಲ್ ಫೋಲ್ಡರ್ ಬೆಳೆಯುತ್ತ ಡಿಸ್ಕ್ ತುಂಬಿದ ದಿನ ಪ್ಯಾನಿಕ್ ಎಂದು ಬರೆದು ಮುಚ್ಚಿಕೊಳ್ಳುತ್ತದೆ. ಕಮಿಟ್ ಆದ ವಹಿವಾಟು ಹೋಗುವುದಿಲ್ಲ, ಆದರೆ ಜಾಗ ಮಾಡಿಕೊಡುವವರೆಗೆ ಸರ್ವರ್ ಏಳುವುದಿಲ್ಲ. ಆ ಗಡಿಬಿಡಿಯಲ್ಲಿ ಪಿಜಿ_ವಾಲ್ ಒಳಗಿನ ಫೈಲ್‌ಗಳನ್ನು ಕೈಯಾರೆ ಅಳಿಸಿದರೆ ಡೇಟಾಬೇಸೇ ಹಾಳಾಗಬಹುದು. ಸ್ವಿಚ್‌ಗೆ ‘ಪಿಜಿ_ಸ್ವಿಚ್_ವಾಲ್’ ಎಂಬ ಫಂಕ್ಷನ್ ಇದೆ. 10ನೇ ಆವೃತ್ತಿಗೂ ಮುಂಚೆ ಅದರ ಹೆಸರು ‘ಪಿಜಿ_ಸ್ವಿಚ್_ಎಕ್ಸ್‌ಲಾಗ್’. ಹಿಂದಿನ ಸ್ವಿಚ್‌ನ ನಂತರ ಏನೂ ಬರೆದಿರದಿದ್ದರೆ ಅದು ಸುಮ್ಮನಿರುತ್ತದೆ. ಲ್ಯಾಗ್ ಟಾರ್ಗೆಟ್‌ಗೆ ಸಮನಾದದ್ದು ‘ಆರ್ಕೈವ್_ಟೈಮ್‌ಔಟ್’. ಆದರೆ ಅವಧಿಗೆ ಮುನ್ನ ಮುಚ್ಚಿದ ತುಣುಕು ಕೂಡ ಪೂರ್ಣ 16 ಎಂಬಿ ಗಾತ್ರದಲ್ಲೇ ಆರ್ಕೈವ್‌ಗೆ ಹೋಗುತ್ತದೆ, ಆದ್ದರಿಂದ ಅಲ್ಲಿ ಗಡುವನ್ನು ತೀರ ಚಿಕ್ಕದಾಗಿ ಇಟ್ಟರೆ ಜಾಗ ತೆರಬೇಕಾಗುತ್ತದೆ. ನಕಲು ಮಾಡುವ ‘ಆರ್ಕೈವ್_ಕಮಾಂಡ್’ ನೀವೇ ಬರೆದದ್ದಾದರೆ, ನಕಲು ನಿಜವಾಗಿ ಮುಗಿದಾಗ ಮಾತ್ರ ಅದು ಸೊನ್ನೆಯನ್ನು ಹಿಂದಿರುಗಿಸುವಂತಿರಲಿ, ಈಗಾಗಲೇ ಇರುವ ಫೈಲ್‌ನ ಮೇಲೆ ಬರೆಯದಂತಿರಲಿ. ಸೊನ್ನೆ ಬಂದರೆ ಪೋಸ್ಟ್‌ಗ್ರೆಸ್ ಅದನ್ನು ನಂಬಿ ಮೂಲ ತುಣುಕನ್ನು ಮರುಬಳಸಿಬಿಡುತ್ತದೆ. ಪಿಜಿ_ಸ್ಟ್ಯಾಟ್_ಆರ್ಕೈವರ್ ಎಂಬ ನೋಟದಲ್ಲಿ ಕೊನೆಯದಾಗಿ ಆರ್ಕೈವ್ ಆದ ತುಣುಕು, ಅದರ ಸಮಯ, ವಿಫಲವಾದ ಪ್ರಯತ್ನಗಳ ಎಣಿಕೆ ಎಲ್ಲವೂ ಸಿಗುತ್ತವೆ. ತಂತ್ರಾಂಶ ಅಲ್ಲಿಗೆ ಹೋಗುವ ಮುಂಚೆಯೇ, ಆ ಎಣಿಕೆ ಏರಿದರೆ ನಿಮ್ಮ ಫೋನಿಗೆ ಸಂದೇಶ ಬರುವಂತೆ ಮಾಡಿಸಿಕೊಳ್ಳಿ.